ಹದಿನೆಂಟನೆಯ ಮೊಟ್ಟೆ: ಸದಾಶಿವಗಡದ ಒಂದು ಕಾಕಟೀಲ್ ಜೋಡಿಯ ಪ್ರಕರಣ

2025ರ ಜುಲೈ ತಿಂಗಳ ಒಂದು ಸಂಜೆ, ಆರೂವರೆಯ ಹೊತ್ತು. ಬೆಳಿಗ್ಗೆಯಿಂದ ಬಿಡದೆ ಮಳೆ. ಸದಾಶಿವಗಡದಿಂದ ತಂಗಿಯ ಫೋನ್ ಬಂತು. ತಂಗಿ ಅಂದರೆ ನನ್ನ ಚಿಕ್ಕಮ್ಮನ ಮಗಳು. ಅವಳ ಮನೆಯಲ್ಲಿ ಚಿನ್ನಿ ಅಂತ ಒಂದು ಹೆಣ್ಣು ಕಾಕಟೀಲ್ ಇದೆ, ಜುಟ್ಟಿನ ಸಣ್ಣ ಗಿಳಿ.

"ಅಣ್ಣಾ, ಚಿನ್ನಿ ಪಂಜರದ ತಳದಲ್ಲಿ ಕೂತದೆ. ಮೇಲೆ ಹತ್ತುದೇ ಇಲ್ಲ. ಬಾಲ ಮಾತ್ರ ಮೇಲೆ ಕೆಳಗೆ ಆಡ್ತದೆ."

"ಮೊಟ್ಟೆ ಇಡ್ತಾ ಇತ್ತಾ?"

"ಮೊನ್ನೆ ಒಂದು ಇಟ್ಟದೆ."

ಅಷ್ಟು ಕೇಳಿದ್ದೇ ಸಾಕಾಯಿತು. ಕಾಕಟೀಲ್ ಒಂದು ದಿನ ಬಿಟ್ಟು ಒಂದು ದಿನ ಮೊಟ್ಟೆ ಇಡುತ್ತದೆ. ಮೊನ್ನೆ ಒಂದು ಬಂದಿದ್ದರೆ ಇವತ್ತು ಇನ್ನೊಂದು ಬರಬೇಕು. ಬಂದಿಲ್ಲ, ಹಕ್ಕಿ ತಳ ಹಿಡಿದಿದೆ ಅಂದರೆ ಮೊಟ್ಟೆ ಸಿಕ್ಕಿಹಾಕಿಕೊಂಡಿದೆ ಅಂತಲೇ ಮೊದಲು ಅನುಮಾನ ಪಡಬೇಕು.

ನಾನು ಕಾರವಾರದ ಕೋಡಿಬಾಗದವನು, ಸದಾಶಿವಗಡ ಕಾಳಿ ನದಿಯ ಆಚೆ ದಡದಲ್ಲಿದೆ. ಇಪ್ಪತ್ತು ವರ್ಷದಿಂದ ಮನೆಯ ಹಿಂದೆ ಬಡ್ಜಿ ಎಂಬ ಪುಟ್ಟ ಗಿಳಿ, ಕಾಕಟೀಲ್ ಸಾಕುತ್ತಿದ್ದೇನೆ. ಡಾಕ್ಟರಲ್ಲ. ಈ ಜೋಡಿಯ ಕಥೆಯಲ್ಲಿ ನನ್ನ ತಪ್ಪೂ ಒಂದಿದೆ, ಅದು ಮುಂದೆ ಬರುತ್ತದೆ.

ಆ ರಾತ್ರಿ

ಹಳೆಯ ಕಾಳಿ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಹೋಗುವುದಕ್ಕೂ ಬರುವುದಕ್ಕೂ ಹೊಸ ಸೇತುವೆಯೊಂದೇ. ಲಾರಿಗಳ ಹಿಂದೆ ತೆವಳಿಕೊಂಡು ತಂಗಿಯ ಮನೆ ಮುಟ್ಟುವಷ್ಟರಲ್ಲಿ ಏಳು ದಾಟಿತ್ತು.

ಚಿನ್ನಿ ಮೈ ಉಬ್ಬಿಸಿಕೊಂಡು, ಕಾಲು ಅಗಲ ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಆಗಾಗ ತಿಣುಕುತ್ತಿತ್ತು. ಮಧ್ಯಾಹ್ನದಿಂದ ಹಿಕ್ಕೆ ಹಾಕಿರಲಿಲ್ಲ. ಎಡಗಾಲಿನ ಬೆರಳು ಏನನ್ನೂ ಹಿಡಿಯುತ್ತಿರಲಿಲ್ಲ. ಒಳಗಿನ ಮೊಟ್ಟೆ ಕಾಲಿನ ನರವನ್ನು ಒತ್ತಿದಾಗ ಹೀಗಾಗುತ್ತದೆ. ಹೊಟ್ಟೆಯ ಕೆಳಗೆ ಸುಲಿದ ಅಡಿಕೆಗಿಂತ ಸ್ವಲ್ಪ ದೊಡ್ಡದೊಂದು ಉಬ್ಬು ಕಾಣುತ್ತಿತ್ತು.

ಮನೆಯವರೆಲ್ಲ ಪಂಜರದ ಸುತ್ತ ನಿಂತಿದ್ದರು. ಭಾವ ಕೇಳಿದರು, "ಮೆಲ್ಲಗೆ ಒತ್ತಿದ್ರೆ ಜಾರಿ ಬರ್ತದಲ್ವಾ?" ಇದನ್ನು ಮಾತ್ರ ಯಾರೂ ಮಾಡಬಾರದು. ಒಳಗೇ ಮೊಟ್ಟೆ ಒಡೆದರೆ ಚಿಪ್ಪಿನ ಚೂರು ಕೊಯ್ಯುತ್ತದೆ, ಇಲ್ಲವೇ ಮೊಟ್ಟೆಯ ಜೊತೆ ಒಳಗಿನ ಚೀಲವೂ ಹೊರಗೆ ಬರುತ್ತದೆ. ಎರಡರಲ್ಲೂ ಹಕ್ಕಿ ಉಳಿಯುವುದು ಕಷ್ಟ.

ತಂಗಿಯ ಅತ್ತೆ ಎಲೆಪೆಟ್ಟಿಗೆ ಹಿಡಿದುಕೊಂಡೇ ಬಂದಿದ್ದರು. "ಮೊಟ್ಟೆ ಚಿಪ್ಪು ಅಂದ್ರೆ ಸುಣ್ಣವೇ ಅಲ್ದ? ಎಲೆಗೆ ಹಚ್ಚೋ ಸುಣ್ಣ ಒಂಚೂರು ನೀರಿಗೆ ಹಾಕು." ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ರೋಗ ಸರಿಯಾಗಿ ಗುರುತಿಸಿದ್ದು ಅವರೊಬ್ಬರೇ. ಮದ್ದು ಮಾತ್ರ ತಪ್ಪು. ಎಲೆಯಡಿಕೆಯ ಸುಣ್ಣ ಅಂದರೆ ಸುಟ್ಟು, ನೀರಲ್ಲಿ ಅರಳಿಸಿದ ಸುಣ್ಣ. ನಮ್ಮ ನಾಲಿಗೆಯನ್ನೇ ಸುಡುತ್ತದೆ, ಹಕ್ಕಿಯ ಗಂಟಲಿನ ಗತಿ ಏನು?

ಮೊದಲು ಬೇಕಾದದ್ದು ಬಿಸಿ. ಇಂಥ ಹಕ್ಕಿಯ ಸುತ್ತ ಸುಮಾರು 30 ಡಿಗ್ರಿ ಶಾಖ ಮತ್ತು ತೇವದ ಗಾಳಿ ಇರಬೇಕು. ಹಿಂದೆ ಅರವತ್ತು ವ್ಯಾಟ್‌ನ ಬಲ್ಬ್ ಪಕ್ಕದಲ್ಲಿ ಉರಿಸಿದರೆ ಕೆಲಸ ಆಗುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ಎಲ್ಇಡಿ, ಅದರಲ್ಲಿ ಆ ಬಿಸಿ ಎಲ್ಲಿದೆ? ಅದೂ ಅಲ್ಲದೆ ಕರೆಂಟೇ ಇರಲಿಲ್ಲ. ಹಳೆಯ ಮನೆಯ ಬಚ್ಚಲಿನ ಹಂಡೆ ನೆನಪಾಯಿತು, ಆದರೆ ಒಲೆಯ ಹೊಗೆ ಹಕ್ಕಿಯ ಶ್ವಾಸಕ್ಕೆ ವಿಷ. ಕೊನೆಗೆ ಗ್ಯಾಸಿನ ಮೇಲೆ ನೀರು ಕುದಿಸಿ ಎರಡು ಬಕೆಟ್ ಬಚ್ಚಲಲ್ಲಿಟ್ಟು, ಸ್ಟೂಲಿನ ಮೇಲೆ ಹಕ್ಕಿ ಇಟ್ಟು, ಬಾಗಿಲು ಎಳೆದೆವು. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಅದರ ಪಕ್ಕದಲ್ಲಿಟ್ಟೆವು.

ಇದರಲ್ಲೇ ಮೊಟ್ಟೆ ಬಂದುಬಿಡುವುದೂ ಉಂಟು. ಇದಕ್ಕೆ ಬರಲಿಲ್ಲ. ಕಾಲಿನ ಶಕ್ತಿ ಹೋದ ಹಕ್ಕಿಯನ್ನು ಬೆಳಗಿನವರೆಗೆ ಕಾಯಿಸಬಾರದು. ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. "ನಾನು ದನದ ಡಾಕ್ಟರು ಮಾರಾಯ್ರೇ. ಆದ್ರೂ ತನ್ನಿ" ಅಂದರು. ಚಪ್ಪಲಿಯ ಪೆಟ್ಟಿಗೆಗೆ ತೂತು ಮಾಡಿ, ಬಟ್ಟೆ ಹಾಸಿ, ಬಿಸಿನೀರಿನ ಬಾಟಲಿ ಸಮೇತ ಚಿನ್ನಿಯನ್ನು ಮಲಗಿಸಿ ಮತ್ತೆ ಸೇತುವೆ ದಾಟಿದೆವು.

ಅವರು ತೂಕ ನೋಡಿದರು. ಒಳಗೆ ಮೊಟ್ಟೆ ಇಟ್ಟುಕೊಂಡೂ 88 ಗ್ರಾಂ. ಹಕ್ಕಿ ನೋಡುವ ತಮ್ಮ ಸಹಪಾಠಿಗೆ ಫೋನ್ ಹಚ್ಚಿ, ಪ್ರಮಾಣ ಕೇಳಿಕೊಂಡು, ಇನ್ಸುಲಿನ್ ಸಿರಿಂಜಿನಲ್ಲಿ ಎದೆಯ ಮಾಂಸಕ್ಕೆ ಕ್ಯಾಲ್ಸಿಯಂ ಕೊಟ್ಟರು. ಚರ್ಮದಡಿಗೆ ಸ್ವಲ್ಪ ಗ್ಲುಕೋಸ್ ನೀರು. "ಕರು ಹಾಕಿದ ಆಕಳು ಹಾಲುಜ್ವರ ಬಂದು ಏಳ್ಲಿಕ್ಕೆ ಆಗದೆ ಬೀಳ್ತದಲ್ಲ, ಇದೂ ಅದೇ ಜಾತಿ" ಅಂದರು. ಆ ಮಾತು ನನಗೆ ತುಂಬ ಹಿಡಿಸಿತು. ಆಕಳಿನಲ್ಲಿ ಹಾಲಿಗೆ ಹೋದದ್ದು ಇಲ್ಲಿ ಚಿಪ್ಪಿಗೆ ಹೋಗಿದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಸ್ನಾಯು ಕುಗ್ಗುವುದಿಲ್ಲ, ಸ್ನಾಯು ಕುಗ್ಗದೆ ಮೊಟ್ಟೆ ಹೊರಗೆ ಬರುವುದಿಲ್ಲ. ಚಿಪ್ಪು ಮೆತ್ತಗಿದ್ದರೆ ತಳ್ಳುವುದಕ್ಕೂ ಹಿಡಿತ ಸಿಗುವುದಿಲ್ಲ. ಒಂದೇ ಕೊರತೆ ಎರಡು ಕಡೆಯಿಂದ ಹೊಡೆಯುತ್ತದೆ.

ಬೆಳಿಗ್ಗೆವರೆಗೂ ಬಾರದಿದ್ದರೆ ಸೂಜಿಯಿಂದ ಮೊಟ್ಟೆಯ ಒಳಗಿನದನ್ನು ಎಳೆದು ಚಿಪ್ಪು ಕುಗ್ಗಿಸಬೇಕು, ಅದಕ್ಕೆ ಗೋವಾಕ್ಕೆ ಹೋಗಿ ಅಂದರು. ಹಕ್ಕಿಯನ್ನು ನನ್ನ ಮನೆಗೇ ತಂದೆ. ಪ್ರತಿ ಮುಕ್ಕಾಲು ಗಂಟೆಗೆ ಬಾಟಲಿಯ ನೀರು ಬದಲಿಸುತ್ತಾ ಕೂತೆ. ರಾತ್ರಿ ಒಂದೂ ನಲವತ್ತಕ್ಕೆ ಮೊಟ್ಟೆ ಬಂತು. ಒದ್ದೆ ಕಾಗದದಂತೆ ಮೆತ್ತಗಿತ್ತು, ಬೆರಳಲ್ಲಿ ಎತ್ತಿದರೆ ತಗ್ಗು ಬಿತ್ತು.

ಹತ್ತು ತಿಂಗಳ ಹಿಂದಿನಿಂದ

ಹಕ್ಕಿ ಬದುಕಿತು. ಎಡಗಾಲಿಗೆ ಶಕ್ತಿ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ತಂಗಿ ಬಂದು ಕೂತು, ಹಕ್ಕಿ ತಂದ ದಿನದಿಂದ ಏನೇನಾಯಿತು ಅಂತ ನೆನಪು ಮಾಡಿಕೊಂಡು ಹೇಳಿದಳು. ನಾನು ಬರೆದುಕೊಂಡೆ.

ಹಕ್ಕಿ ಬೇಕು ಅಂದಿದ್ದು ಅಳಿಯ, ಒಂಬತ್ತನೆಯ ತರಗತಿಯ ಹುಡುಗ. ಅವನಿಗೆ ಬೇಕಿದ್ದದ್ದು ಕೆಂಪು ಕೊಕ್ಕಿನ ನಮ್ಮ ಹಸಿರು ಗಿಳಿ, ಅಜ್ಜನ ಕಾಲದಲ್ಲಿ ಮನೆಯಲ್ಲಿ ಇತ್ತಂತೆ. ಆ ಗಿಳಿಯಾಗಲಿ, ಘಟ್ಟದ ನೀಲಿ ರೆಕ್ಕೆಯ ಗಿಳಿಯಾಗಲಿ, ನಮ್ಮ ದೇಶದ ಯಾವ ಕಾಡುಗಿಳಿಯನ್ನೂ ಹಿಡಿಯುವ ಹಾಗಿಲ್ಲ, ಮಾರುವ ಹಾಗಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅದು ಅಪರಾಧ. ಕಾಕಟೀಲ್, ಬಡ್ಜಿ ಎರಡೂ ಆಸ್ಟ್ರೇಲಿಯಾ ಮೂಲದವು, ಪಂಜರದಲ್ಲೇ ತಲೆಮಾರುಗಳಿಂದ ಹುಟ್ಟಿದವು, ಸಾಕಬಹುದು. ಆಫ್ರಿಕನ್ ಗ್ರೇಯಂಥ ದೊಡ್ಡ ಗಿಳಿಯಾದರೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಹುಡುಗನಿಗೆ ಇದನ್ನೆಲ್ಲ ಹೇಳಿ ಒಪ್ಪಿಸಿದವನು ನಾನೇ.

2024ರ ಚೌತಿ ಮುಗಿದ ಮೇಲೆ ಹುಬ್ಬಳ್ಳಿಯಿಂದ ಒಂದು ಜೋಡಿ ತಂದರು. ವರ್ಷದ ಹಕ್ಕಿ ಅಂತ ಮಾರಿದವರು ಹೇಳಿದ್ದರು. ಗಂಡಿನ ಮುಖ ಹೊಳೆಯುವ ಹಳದಿ, ಹೆಣ್ಣಿನ ಬಾಲದ ಅಡಿಯಲ್ಲಿ ಅಡ್ಡಗೆರೆ, ಒಳ್ಳೆಯ ಜೋಡಿಯೇ. ರಾಜ, ಚಿನ್ನಿ ಅಂತ ಹೆಸರಿಟ್ಟರು.

ನವೆಂಬರ್‌ನಲ್ಲಿ ನಾನು ಒಂದು ಗೂಡುಪೆಟ್ಟಿಗೆ ಮಾಡಿಸಿಕೊಟ್ಟೆ. ಒಳ್ಳೆಯ ಹಲಸಿನ ಹಲಗೆಯದು. ಉಡುಗೊರೆ! ಹೆಣ್ಣಿಗೆ ಒಂದೂವರೆ ವರ್ಷವಾದರೂ ತುಂಬಲಿ ಅಂತ ನಾನು ಹೇಳಬೇಕಿತ್ತು. ಏನು ತಿನ್ನಿಸ್ತಾ ಇದ್ದೀಯ ಅಂತ ಕೇಳಬೇಕಿತ್ತು. ಎರಡೂ ಮಾಡಲಿಲ್ಲ. ಪೆಟ್ಟಿಗೆ ತೂಗುಹಾಕಿ, ಚಹಾ ಕುಡಿದು ಬಂದೆ.

ಡಿಸೆಂಬರ್‌ನಲ್ಲಿ ಐದು ಮೊಟ್ಟೆ, ನಾಲ್ಕು ಮರಿ, ಮೂರು ಉಳಿದವು. ಮನೆಯಲ್ಲಿ ಹಬ್ಬ. ಫೆಬ್ರವರಿ ಕೊನೆಗೆ ಮತ್ತೆ ಆರು ಮೊಟ್ಟೆ. ಮೂರು ಮರಿಯಾದವು, ಒಂದರ ಕಾಲು ಎರಡು ಕಡೆಗೆ ಚಾಚಿಕೊಂಡಿತ್ತು, ಕಪ್ಪೆಯ ಹಾಗೆ. ಮೇ ತಿಂಗಳಲ್ಲಿ ಐದು. ಅದರಲ್ಲಿ ಎರಡರ ಚಿಪ್ಪು ತೆಳುವಾಗಿ ಬಿರುಕು ಬಿಟ್ಟಿತ್ತು. ಉಳಿದವನ್ನು "ಸೆಕೆಗೆ ಹಾಳಾಗಿರಬೇಕು" ಅಂತ ತೆಗೆದು ಎಸೆದರು. ಜುಲೈನಲ್ಲಿ ಮತ್ತೆ ಶುರು. ಸಿಕ್ಕಿಕೊಂಡದ್ದು ಹದಿನೆಂಟನೆಯ ಮೊಟ್ಟೆ.

ಕಾಕಟೀಲ್ ಮೊಟ್ಟೆ ಒಂದು ಸುಮಾರು ಐದು ಗ್ರಾಂ. ಹದಿನೆಂಟಕ್ಕೆ ತೊಂಬತ್ತು ಗ್ರಾಂ ಆಯಿತು. ಚಿನ್ನಿ ತನ್ನ ಮೈತೂಕಕ್ಕಿಂತ ಜಾಸ್ತಿಯನ್ನು ಎಂಟು ತಿಂಗಳಲ್ಲಿ ಮೊಟ್ಟೆಯಾಗಿ ಹೊರಹಾಕಿತ್ತು. ಈ ಲೆಕ್ಕ ಕಾಗದದಲ್ಲಿ ಬರೆದು ತೋರಿಸಿದಾಗ ತಂಗಿ ಸುಮ್ಮನಾದಳು.

ಮೇ ತಿಂಗಳ ಮೊಟ್ಟೆ ತೆಗೆದದ್ದು ಎಲ್ಲರೂ ಮಾಡುವ ತಪ್ಪು. ಮೊಟ್ಟೆ ಕಾಣೆಯಾದರೆ ಹೆಣ್ಣು ಅದರ ಬದಲಿಗೆ ಇನ್ನೊಂದು ಇಡಲು ಶುರು ಮಾಡುತ್ತದೆ. ಕೋಳಿ ಸಾಕಿದವರಿಗೆ ಇದು ಗೊತ್ತು, ಆದರೆ ಗಿಳಿ ವಿಷಯಕ್ಕೆ ಬಂದರೆ ಮರೆತುಹೋಗುತ್ತದೆ. ಇನ್ನೊಂದು ಮಾತು. ಕಾಕಟೀಲ್ ಒಣ ನೆಲದ ಹಕ್ಕಿ. ಅದರ ಊರಿನಲ್ಲಿ ಮಳೆ ಬಂತೆಂದರೆ ಹುಲ್ಲು ಬೀಜ ಕಟ್ಟುತ್ತದೆ, ಮರಿಗೆ ಆಹಾರ ಸಿಗುತ್ತದೆ, ಜೋಡಿಗಳು ಗೂಡು ಹುಡುಕುತ್ತವೆ. ಅಂಥ ಹಕ್ಕಿಯನ್ನು ಕಾರವಾರದ ಮಳೆಗಾಲದಲ್ಲಿ ಕೂರಿಸಿ, ಪಕ್ಕದಲ್ಲಿ ಪೆಟ್ಟಿಗೆ ಇಟ್ಟು, ಬಟ್ಟಲ ತುಂಬ ಕಾಳು ಸುರಿದರೆ ಅದು ಏನು ಅಂದುಕೊಳ್ಳಬೇಕು?

ಕಾಲು ಚಾಚಿದ ಮರಿಯ ವಿಷಯ ಅಷ್ಟು ನೇರ ಅಲ್ಲ. ಕ್ಯಾಲ್ಸಿಯಂ ಕೊರತೆಯ ತಾಯಿಯ ಮರಿಗೆ ಎಲುಬು ಬಲಿಯುವುದಿಲ್ಲ, ಹೌದು. ಆದರೆ ಪೆಟ್ಟಿಗೆಯೊಳಗೆ ಮರದ ಪುಡಿ ಹಾಸಿರಲಿಲ್ಲ. ನುಣ್ಣನೆಯ ಹಲಗೆಯ ಮೇಲೆ ಜಾರಿಯೂ ಕಾಲು ಅಗಲವಾಗುತ್ತದೆ. ಎರಡೂ ಸೇರಿರಬೇಕು ಅಂತ ನನ್ನ ಅಂದಾಜು. ಆ ಹಲಗೆ ನುಣ್ಣಗೆ ಮಾಡಿಸಿದ್ದೂ ನಾನೇ.

ಬಟ್ಟಲಲ್ಲಿ ಇದ್ದದ್ದು

ನವಣೆ, ಕುಸುಬೆ, ಸೂರ್ಯಕಾಂತಿ ಬೆರೆಸಿದ ಕಾಳು. ಬಟ್ಟಲು ಯಾವಾಗಲೂ ತುಂಬಿರಬೇಕು ಅಂತ ತಂಗಿಯ ನಿಯಮ. ನಾನು ಬಟ್ಟಲು ಕೈಯಲ್ಲಿ ಕೆದಕಿ ನೋಡಿದೆ: ಸೂರ್ಯಕಾಂತಿಯ ಸಿಪ್ಪೆ ಮಾತ್ರ, ನವಣೆ ಹಾಗೇ ಇತ್ತು. ಮಕ್ಕಳ ಮುಂದೆ ಚಕ್ಕುಲಿ, ಅನ್ನ ಎರಡೂ ಇಟ್ಟ ಹಾಗೆ. ಸೂರ್ಯಕಾಂತಿಯ ತಿರುಳಿನಲ್ಲಿ ಅರ್ಧದಷ್ಟು ಎಣ್ಣೆ. ಕ್ಯಾಲ್ಸಿಯಂ ತೀರಾ ಕಡಿಮೆ, ರಂಜಕ (ಫಾಸ್ಫರಸ್) ಅದರ ಎಷ್ಟೋ ಪಟ್ಟು. ಬೇಕಾದದ್ದು ಇದಕ್ಕೆ ತಿರುವುಮುರುವು, ರಂಜಕದ ಎರಡರಷ್ಟು ಕ್ಯಾಲ್ಸಿಯಂ. ಎ ಜೀವಸತ್ವವಂತೂ ಒಣ ಕಾಳಿನಲ್ಲಿ ಇಲ್ಲವೇ ಇಲ್ಲ ಅನ್ನಬೇಕು.

"ಬೀಜ ತಿನ್ನುವ ಹಕ್ಕಿಗೆ ಬೀಜ ಸಾಕಲ್ವಾ?" ಅಂತ ಭಾವ ಕೇಳಿದರು. ಕಾಡಿನ ಕಾಕಟೀಲ್ ಮೈಲುಗಟ್ಟಲೆ ಹಾರಿ, ಬಗೆಬಗೆಯ ಹುಲ್ಲಿನ ಹಾಲುಗಾಳು, ಚಿಗುರು, ಹಣ್ಣು ತಿನ್ನುತ್ತದೆ, ದಿನವಿಡೀ ಬಿಸಿಲಲ್ಲಿ ಇರುತ್ತದೆ. ಇದು ಎರಡಡಿ ಪಂಜರದಲ್ಲಿ ಮೂಟೆಯ ಕಾಳು ತಿನ್ನುವ ಹಕ್ಕಿ.

ಆ ಮೂಟೆ ಬೇರೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಮೇ ತಿಂಗಳಲ್ಲೇ ಹತ್ತು ಕಿಲೋ ತಂದು ಗೋಣಿಯಲ್ಲಿ ಇಟ್ಟಿದ್ದರು. ಜುಲೈ ಹೊತ್ತಿಗೆ ಕೈ ಹಾಕಿದರೆ ಉಂಡೆ, ಮೂಗಿಗೆ ಮುಗ್ಗಲು ವಾಸನೆ. ಬೂಸ್ಟು ಹಿಡಿದ ಕಾಳಿನ ವಿಷ ಹಕ್ಕಿಯ ಲಿವರ್ ತಿನ್ನುತ್ತದೆ. ಚಿನ್ನಿಗೆ ಅದರಿಂದಲೂ ಏಟಾಗಿತ್ತೋ ಏನೋ, ಪರೀಕ್ಷೆ ಮಾಡಿಸಲಿಲ್ಲ. ಗೋಣಿಯನ್ನು ಮಾತ್ರ ತೆಂಗಿನ ಬುಡಕ್ಕೆ ಸುರಿದು ಮಣ್ಣು ಮುಚ್ಚಿದೆವು.

ಬಿಸಿಲಿನ ಪ್ರಶ್ನೆ ಎಲ್ಲರಿಗಿಂತ ತಂಗಿಗೆ ಆಶ್ಚರ್ಯ ತಂದಿತು. ಪಂಜರ ಗಾಜಿನ ಕಿಟಕಿಯ ಪಕ್ಕ ಇತ್ತು. "ಬೆಳಕು ಚೆನ್ನಾಗಿ ಬರ್ತದಲ್ಲ ಅಣ್ಣಾ?" ಬೆಳಕು ಬರುತ್ತದೆ. ಆದರೆ ಮೈಯಲ್ಲಿ ಡಿ ಜೀವಸತ್ವ ಹುಟ್ಟಿಸುವ ಕಿರಣವನ್ನು ಗಾಜು ತಡೆಯುತ್ತದೆ. ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕೂಡ ರಕ್ತಕ್ಕೆ ಹತ್ತುವುದಿಲ್ಲ. ಜೂನ್‌ನಿಂದ ಹೊರಗೆ ತಾಡಪತ್ರಿ ಬೇರೆ ಕಟ್ಟಿದ್ದರು. ಆರು ವಾರ ಆ ಹಕ್ಕಿ ಸೂರ್ಯನನ್ನೇ ಕಂಡಿರಲಿಲ್ಲ.

ಬದಲಾಯಿಸಿದ್ದು

ಮೊದಲು ಮೊಟ್ಟೆಗೆ ತಡೆ. ಆ ಸಲದ ಮೊದಲ ಮೊಟ್ಟೆ ಗೂಡಲ್ಲೇ ಇತ್ತು. ಹಗಲು ಹೊತ್ತು ರಾಜ ಅದರ ಮೇಲೆ ಕೂರುತ್ತಿದ್ದ. ಕಾಕಟೀಲ್‌ನಲ್ಲಿ ಹಗಲು ಪಾಳಿ ಗಂಡಿನದು, ರಾತ್ರಿ ಹೆಣ್ಣಿನದು. ಆ ಮೊಟ್ಟೆಯನ್ನು ಕುದಿಸಿ, ಆರಿಸಿ, ವಾಪಸ್ ಇಟ್ಟೆವು. ಜೊತೆಗೆ ನನ್ನ ಹತ್ತಿರವಿದ್ದ ಪ್ಲಾಸ್ಟಿಕ್ ಮೊಟ್ಟೆ ನಾಲ್ಕು. ಗೂಡು ತುಂಬಿದೆ ಅಂದುಕೊಂಡು ಚಿನ್ನಿ ಮತ್ತೆ ಇಡಲಿಲ್ಲ. ಮೂರು ವಾರ ಕೂತು ಬೇಸತ್ತು ಎರಡೂ ಎದ್ದವು. ಆಗಸ್ಟ್‌ನಲ್ಲಿ ಪೆಟ್ಟಿಗೆ ಕೆಳಗಿಳಿಯಿತು. ಸಂಜೆ ಏಳಕ್ಕೆ ಪಂಜರದ ಮೇಲೆ ಬಟ್ಟೆ. ಟಿವಿಯ ಬೆಳಕಲ್ಲಿ ಹತ್ತರವರೆಗೆ ಎಚ್ಚರ ಇಡುವುದು ನಿಂತಿತು. ದಿನ ಉದ್ದವಾದಷ್ಟೂ ಹಕ್ಕಿಯ ಮೈ ಮೊಟ್ಟೆಗೆ ತಯಾರಾಗುತ್ತದೆ.

ಆಮೇಲೆ ಊಟ. ಇದಕ್ಕೆ ಆರು ವಾರ ಹಿಡಿಯಿತು, ನನ್ನ ತಾಳ್ಮೆಯೂ ಹಿಡಿಯಿತು. ಕಾಳಿಗೆ ಬಿದ್ದ ಕಾಕಟೀಲ್ ಹೊಸದನ್ನು ಆಹಾರ ಅಂತಲೇ ಒಪ್ಪುವುದಿಲ್ಲ. ಹಸಿದರೆ ತಿಂದೀತು ಅಂತ ಉಪವಾಸ ಕೆಡವಬಾರದು. ಇಷ್ಟು ಸಣ್ಣ ಹಕ್ಕಿ ಎರಡು ದಿನವೂ ತಾಳುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಕ ನೋಡುವ ಕೆಲಸ ಅಳಿಯನದು. ಬೆಳಿಗ್ಗೆ ಮೊದಲ ಒಂದೂವರೆ ಗಂಟೆ ಮೊಳಕೆ ಬಂದ ಹೆಸರು ಮತ್ತು ನವಣೆ ಮಾತ್ರ, ಆಮೇಲೆ ಕಾಳು. ಮಳೆಗಾಲದಲ್ಲಿ ಮೊಳಕೆ ಬೇಗ ಹುಳಿಯುತ್ತದೆ, ಹಾಗಾಗಿ ಉಳಿದದ್ದನ್ನು ತೆಗೆಯಲೇಬೇಕು.

ಸೊಪ್ಪಿನಲ್ಲಿ ಗೆದ್ದದ್ದು ನುಗ್ಗೆ. ಬಟ್ಟಲಲ್ಲಿ ಇಟ್ಟರೆ ಮೂಸಲಿಲ್ಲ. ಒಂದು ಕಡ್ಡಿಯನ್ನು ನೀರಲ್ಲಿ ಅದ್ದಿ ಪಂಜರದ ಮೇಲಿನಿಂದ ನೇತುಹಾಕಿದಾಗ, ರಾಜ ಅದರಲ್ಲಿ ಮೈ ಒದ್ದೆ ಮಾಡಿಕೊಳ್ಳಲು ಹೋಗಿ, ಒಂದು ಎಲೆ ಕಚ್ಚಿ ನೋಡಿದ. ಮೂರನೆಯ ದಿನ ಕಡ್ಡಿ ಬರೀ ಕಡ್ಡಿಯಾಗಿತ್ತು. ಬಸಳೆ, ಹರಿವೆ ಬೇಲಿಯಲ್ಲೇ ಇವೆ ಅಂತ ಅತ್ತೆ ತಂದರು. ಅಪರೂಪಕ್ಕೆ ಸರಿ, ದಿನಾ ಬೇಡ ಅಂದೆ. ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ತುರಿದ ಸಿಹಿಗುಂಬಳ, ಗಜ್ಜರಿ, ಪಪ್ಪಾಯಿ ಎ ಜೀವಸತ್ವಕ್ಕೆ. ವಾರಕ್ಕೆರಡು ಸಲ ಬೇಯಿಸಿದ ಕೋಳಿಮೊಟ್ಟೆ, ಪುಡಿ ಮಾಡಿದ ಚಿಪ್ಪಿನ ಸಮೇತ. ಹಕ್ಕಿಗೆ ಮೊಟ್ಟೆ ತಿನ್ನಿಸುವುದಾ ಅಂತ ಅತ್ತೆ ಮುಖ ತಿರುಗಿಸಿದರು, ಇವತ್ತಿಗೂ ಆ ಹೊತ್ತಿಗೆ ಪಂಜರದ ಕಡೆ ಬರುವುದಿಲ್ಲ. ಸೂರ್ಯಕಾಂತಿ ದಿನಕ್ಕೆ ಐದಾರು ಕಾಳು, ಕೈಯಿಂದ, ಬಹುಮಾನದ ಹಾಗೆ.

ಕ್ಯಾಲ್ಸಿಯಂಗೆ ಮುಖ್ಯವಾಗಿ ಕಡಲ ನೊರೆ. ಗ್ರಂಥಿಗೆ ಅಂಗಡಿಯವರು ಸಮುದ್ರ ನೊರೆ ಅಂತ ಮಾರುವುದು ಇದನ್ನೇ. ಹೆಸರು ನೊರೆ, ಆದರೆ ಅದು ಮಾಣ್ಕಿ ಜಾತಿಯ ಕಡಲ ಜೀವಿಯ (ಕಟಲ್‌ಫಿಶ್) ಬೆನ್ನೊಳಗಿನ ಚಿಪ್ಪು. ಬೆಳ್ಳಗೆ, ಹಗುರ, ಉಗುರಲ್ಲಿ ಕೆರೆದರೆ ಪುಡಿ ಬರುತ್ತದೆ. ತಂಗಿ ಹುಬ್ಬಳ್ಳಿಯಿಂದ ಪ್ಯಾಕೆಟಿನಲ್ಲಿ ತರಿಸುವ ಲೆಕ್ಕ ಹಾಕುತ್ತಿದ್ದಳು. ನನಗೆ ನಗು ಬಂತು. ಕಾರವಾರದಲ್ಲಿ ಇದ್ದುಕೊಂಡು! ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೈತಖೋಲ ಬಂದರಿನಲ್ಲಿ ಕೇಳಿದರೆ ಸಿಗುತ್ತಿರಲಿಲ್ಲ. ಆದರೆ ಟ್ಯಾಗೋರ್ ಕಡಲತೀರದಲ್ಲಿ ಅಬ್ಬರದ ತೆರೆ ತಂದು ಹಾಕಿದ ಕಸದ ನಡುವೆ ಅಳಿಯನಿಗೆ ಒಂದೇ ಬೆಳಿಗ್ಗೆ ಏಳು ಸಿಕ್ಕವು. ಉಪ್ಪು ಹೋಗಲು ಒಂದು ವಾರ ಸಿಹಿನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಕುದಿಸಿ, ಬಿಸಿಲಿಲ್ಲದ ಕಾರಣ ಒಲೆಯ ಪಕ್ಕ ಒಣಗಿಸಿ ಪಂಜರಕ್ಕೆ ಕಟ್ಟಿದೆವು. ಮೆತ್ತಗಿನ ಮೈ ಹಕ್ಕಿಯ ಕಡೆಗಿರಬೇಕು.

ಡಿ ಜೀವಸತ್ವದ ಹನಿಯನ್ನು ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಮೂರು ವಾರ ಮಾತ್ರ ಕೊಟ್ಟೆವು. ಒಳ್ಳೆಯದೆಂದು ಜಾಸ್ತಿ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಮಳೆ ಬಿಡುವು ಕೊಟ್ಟ ಮೇಲೆ ಬೆಳಗಿನ ಅರ್ಧ ಗಂಟೆ ಜಗುಲಿಯ ಬಿಸಿಲು, ಪಂಜರದ ಅರ್ಧಕ್ಕೆ ನೆರಳು, ಬೆಕ್ಕು ಕಾಯಲು ಅತ್ತೆ. ಕಾಳು ಈಗ ಒಂದು ಕಿಲೋ ಮಾತ್ರ ತರುತ್ತಾರೆ, ಸ್ಟೀಲ್ ಡಬ್ಬದಲ್ಲಿ ಇಡುತ್ತಾರೆ.

ಮೊಟ್ಟೆ ಬಂದ ಮರುದಿನ 82 ಗ್ರಾಂ ಇದ್ದ ಚಿನ್ನಿ ನವೆಂಬರ್ ಹೊತ್ತಿಗೆ 93 ಗ್ರಾಂ ಆಯಿತು. ಹಳೆಯ ಗರಿ ಉದುರಿ ಹೊಸದು ಬಂತು. ಜುಲೈ ನಂತರ ಒಂದು ಮೊಟ್ಟೆಯೂ ಇಟ್ಟಿಲ್ಲ. ಕಾಲು ಚಾಚಿದ ಮರಿಯನ್ನು ನಾನು ಇಟ್ಟುಕೊಂಡಿದ್ದೇನೆ. ಕಾಲಿಗೆ ಪಟ್ಟಿ ಕಟ್ಟಿ ಸರಿಮಾಡುವ ವಯಸ್ಸು ಮೊದಲ ಎರಡು ವಾರ, ಅದು ಆಗಲೇ ದಾಟಿಹೋಗಿತ್ತು. ಕೋಲಿನ ಮೇಲೆ ಕೂರಲು ಆಗುವುದಿಲ್ಲವೆಂದು ಅದಕ್ಕೆ ಅಗಲದ ಹಲಗೆ ಹಾಕಿದ್ದೇನೆ, ಈ ಸಲ ಗೋಣಿ ಬಿಗಿದು. ಅಲ್ಲಿಂದಲೇ ಸಿಳ್ಳೆ ಹಾಕುತ್ತದೆ.

ದೀಪಾವಳಿಗೆ ಹೋದಾಗ ಅಳಿಯ ಕೇಳಿದ, "ಮಾವ, ಪೆಟ್ಟಿಗೆ ಮತ್ತೆ ಯಾವಾಗ?"

ಪೂರ್ತಿ ಒಂದು ವರ್ಷ ಬಿಡುವು, ಆಮೇಲೆ ಮಳೆ ಕಳೆದ ಮೇಲೆ ವರ್ಷಕ್ಕೆ ಒಂದೇ ಸಲ, ಹೆಚ್ಚೆಂದರೆ ಎರಡು, ಅಂದೆ. ಅವನು ಗೋಡೆಯ ಕ್ಯಾಲೆಂಡರ್ ತಿರುವಿ ಎಣಿಸತೊಡಗಿದ. ಪೆಟ್ಟಿಗೆ ಎಲ್ಲಿದೆ ಅಂತ ನೋಡಿದರೆ ಅತ್ತೆ ಅದರಲ್ಲಿ ಒಣಮೆಣಸು ತುಂಬಿಟ್ಟಿದ್ದರು.